ಮೀನಿಗೂ ಒಂದು ಸರ್ಟಿಫಿಕೇಟು

ಮೀನನ್ನು ಜಬಹ್ ಮಾಡಬೇಕಾಗಿಲ್ಲ. ನೀರಿನಿಂದ ಎತ್ತಿದರೆ ಹಲಾಲ್. ಈ ರಿಯಾಯಿತಿಯನ್ನು ನಾವು ಬಾಲ್ಯದಿಂದ ಕೇಳಿಕೊಂಡು ಬಂದವರು. ಆದರೆ ಯುರೋಪಿನ ಅಂಗಡಿಗಳಲ್ಲಿ ಮೀನಿನ ಪೊಟ್ಟಣದ ಮೇಲೆ ನೀಲಿ ಮುದ್ರೆಯೊಂದನ್ನು ಹುಡುಕುವ ಗ್ರಾಹಕರಿದ್ದಾರೆ. ಈ ಮೀನು ಹಿಡಿದಿದ್ದರಿಂದ ಸಮುದ್ರ ಬರಿದಾಗಿಲ್ಲ ಎಂಬುದಕ್ಕೆ ಆ ಮುದ್ರೆಯೇ ಸಾಕ್ಷಿ.

ಇದರ ಹಿಂದೆ ಒಂದು ದುರಂತವಿದೆ. 1497ರಲ್ಲಿ ಜಾನ್ ಕ್ಯಾಬಟ್ ಅಟ್ಲಾಂಟಿಕ್ ದಾಟಿ ಹೋಗಿಬಂದಾಗ, ಅಲ್ಲಿ ಕಾಡ್ ಮೀನನ್ನು ಬುಟ್ಟಿಯಲ್ಲಿ ಮೊಗೆಯಬಹುದಂತೆ ಎಂಬ ಸುದ್ದಿ ಹಬ್ಬಿತು. ಗಾಳ ಮತ್ತು ಸಣ್ಣ ದೋಣಿಗಳು ಶತಮಾನಗಟ್ಟಲೆ ತೆಗೆದರೂ ಮುಗಿಯದ ಆ ಮೀನನ್ನು 1950ರ ದಶಕದ ನಂತರ ಬಂದ ಫ್ಯಾಕ್ಟರಿ ಹಡಗುಗಳು ಮುಗಿಸಿಬಿಟ್ಟವು. 1968ರಲ್ಲಿ ಎಂಟು ಲಕ್ಷ ಟನ್ನಿಗೂ ಹೆಚ್ಚು ಕಾಡ್ ಬಾಚಿದರು. ಎಂಬತ್ತರ ದಶಕದಲ್ಲಿ ನ್ಯೂಫೌಂಡ್‌ಲ್ಯಾಂಡಿನ ದಡದ ಬೆಸ್ತರು, ಮೀನು ಕಡಿಮೆಯಾಗುತ್ತಿದೆ, ಸಣ್ಣದಾಗುತ್ತಿದೆ ಎಂದು ಕೂಗಿ ಹೇಳಿದರು. ಸರ್ಕಾರದ ಲೆಕ್ಕದ ಪುಸ್ತಕ ಬೇರೆಯೇ ಹೇಳುತ್ತಿತ್ತು. 1992ರ ಜುಲೈ 2ರಂದು ಕೆನಡಾದ ಮಂತ್ರಿ ಜಾನ್ ಕ್ರಾಸ್ಬಿ ಅಲ್ಲಿನ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಿದರು. ಸುಮಾರು ಮೂವತ್ತು ಸಾವಿರ ಮಂದಿಯ ಕೆಲಸ ಹೋಯಿತು.

ಗಾಬರಿಗೊಂಡವರಲ್ಲಿ ವ್ಯಾಪಾರಿಗಳೂ ಇದ್ದರು. ನಮ್ಮ ಬಚ್ಚಲಿನ ಲೈಫ್‌ಬಾಯ್ ಸಾಬೂನಿನ ಯೂನಿಲಿವರ್ ಆಗ ಮೀನಿನ ದೊಡ್ಡ ಖರೀದಿದಾರ. ಅದು ವನ್ಯಜೀವಿ ನಿಧಿಯಾದ ಡಬ್ಲ್ಯುಡಬ್ಲ್ಯುಎಫ್ ಜೊತೆ ಸೇರಿ 1997ರಲ್ಲಿ ಮರೀನ್ ಸ್ಟುವರ್ಡ್‌ಶಿಪ್ ಕೌನ್ಸಿಲನ್ನು ಹುಟ್ಟುಹಾಕಿತು. ಮೀನಿನ ಸಂತತಿ ಉಳಿದಿದೆಯೇ, ಸಮುದ್ರದ ಉಳಿದ ಜೀವಿಗಳಿಗೆ ಹಾನಿಯಿಲ್ಲವೇ, ಆಡಳಿತ ನೆಟ್ಟಗಿದೆಯೇ? ಮೂಲದಲ್ಲಿ ಪ್ರಶ್ನೆಗಳು ಈ ಮೂರೇ. 2000ದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಲ್ಲುಸಿಗಡಿಗೆ ಮೊದಲ ಮುದ್ರೆ ಬಿತ್ತು.

ಮೂರನೆಯ ಪ್ರಶ್ನೆಯೇ ಕಠಿಣ. ನಮ್ಮ ಬಂಗುಡೆಯ ದಾಯಾದಿಯಾದ ಅಟ್ಲಾಂಟಿಕ್ ಮ್ಯಾಕೆರೆಲ್‌ನ ಸರ್ಟಿಫಿಕೇಟನ್ನು 2019ರಲ್ಲಿ ಅಮಾನತ್ತಿನಲ್ಲಿಟ್ಟರು. ಅದನ್ನು ಹಿಡಿಯುವ ದೇಶಗಳು ತಂತಮ್ಮ ಪಾಲನ್ನು ತಾವೇ ನಿಗದಿ ಮಾಡಿಕೊಂಡವು. ಎಲ್ಲ ಕೂಡಿಸಿದರೆ ವಿಜ್ಞಾನಿಗಳು ಹೇಳಿದ ಮಿತಿಯನ್ನು ಮೀರುತ್ತಿತ್ತು. ಆಸ್ತಿ ಪಾಲಿನ ಜಗಳ ನೋಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಯಮಗಳೂ ನಿಂತ ನೀರಲ್ಲ. 2022ರ ಅಕ್ಟೋಬರಿನಲ್ಲಿ ಬಂದ ಮೂರನೆಯ ಆವೃತ್ತಿ, ಶಾರ್ಕನ್ನು ದಡಕ್ಕೆ ತರುವುದಾದರೆ ರೆಕ್ಕೆ ಮೈಗೆ ಅಂಟಿಕೊಂಡೇ ಇರಬೇಕು ಎಂದಿತು. ರೆಕ್ಕೆ ಕೊಯ್ದು ಮೈಯನ್ನು ಕಡಲಿಗೆಸೆಯುವ ಕ್ರೌರ್ಯಕ್ಕೆ ಇದು ಮದ್ದು. ಆದರೆ ಹೊಸ ನಿಯಮಗಳನ್ನು ಜಾರಿಗೆ ತರುವುದು ಸುಲಭವಾಗಲಿಲ್ಲ. 2024ರಲ್ಲಿ ಮತ್ತೆ ತಿದ್ದಿ 3.1 ಎಂದು ಹೊರತಂದರು.

ಭಾರತದ ಮೊದಲ ಮುದ್ರೆ 2014ರಲ್ಲಿ ಸಿಕ್ಕಿದ್ದು ಯಾವ ಟ್ರಾಲ್ ಬೋಟಿಗೂ ಅಲ್ಲ, ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನಲ್ಲಿ ಮಳವಿ ಬಾಚುವವರಿಗೆ. ತೊಂಬತ್ತರ ದಶಕದಲ್ಲಿ ಫಸಲು ಕುಸಿದಾಗ, ಮೊಟ್ಟೆಯಿಡುವ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಅವರು ಬಾಚುವುದನ್ನು ಬಿಟ್ಟಿದ್ದರು. ಸರ್ಟಿಫಿಕೇಟು ಬರುವುದಕ್ಕೆ ಎಷ್ಟೋ ವರ್ಷ ಮುಂಚಿನ ಕಟ್ಟುಪಾಡು ಇದು.

ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳಲ್ಲಿ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆದರೆ ಬೋಟುಗಳು ಮತ್ತೆ ಹೊರಟಾಗ ಒಂದೇ ಟ್ರಾಲ್ ಬಲೆಗೆ ಹತ್ತಾರು ಜಾತಿಯ ಮೀನು, ಮರಿಗಳ ಸಮೇತ ಬೀಳುತ್ತವೆ. ಒಂದೊಂದು ಜಾತಿಗೂ ಬೇರೆಬೇರೆ ಲೆಕ್ಕ ಕೇಳುವ ಈ ಪರೀಕ್ಷೆ ಇಲ್ಲಿಗೆ ಹೇಗೆ ಹೊಂದೀತು? ಪರೀಕ್ಷಕರ ಫೀಸನ್ನೂ ಮೀನುಗಾರಿಕೆಯವರೇ ಹೊಂದಿಸಬೇಕು. ದೊಡ್ಡ ಹಡಗಿನ ಕಂಪನಿಗೆ ಅದು ಖರ್ಚಿನ ಒಂದು ಬಾಬ್ತು. ನಾಡದೋಣಿಯವನಿಗೆ ವರ್ಷದ ಅನ್ನ.