ಹೊಳೆಯ ಈಸು, ಕೊಳದ ಈಜು

ಯಾದಗಿರಿ, ಶಹಾಪುರ, ಸುರಪುರಗಳ ಕಡೆ ‘ಈಜು’ ಎನ್ನುವುದಕ್ಕಿಂತ ‘ಈಸು’ ಎನ್ನುವುದೇ ರೂಢಿ. ಭೀಮೆ ಯಾದಗಿರಿಯ ಮಗ್ಗುಲಲ್ಲಿ ಹರಿಯುತ್ತಾಳೆ. ಕೃಷ್ಣೆ ಸುರಪುರ, ಶಹಾಪುರ ಸೀಮೆಗಳ ದಕ್ಷಿಣದ ಅಂಚು ಹಿಡಿದು ಹೋಗಿ, ಮುಂದೆ ರಾಯಚೂರು ಸೀಮೆಯಲ್ಲಿ ಭೀಮೆಯನ್ನು ಕೂಡಿಸಿಕೊಳ್ಳುತ್ತಾಳೆ. ಎರಡು ದೊಡ್ಡ ಹೊಳೆಗಳ ನಡುವಿನ ಈ ನಾಡಿನಲ್ಲಿ ಈಸು ಬರಿಯ ಆಟವಾಗಿರಲಿಲ್ಲ. ಆಚೆ ದಡದ ಹೊಲಕ್ಕೆ, ಸಂತೆಗೆ, ಬೀಗರ ಮನೆಗೆ ಹೋಗುವ ದಾರಿಯಾಗಿತ್ತು. ಹರಗೋಲು ಇದ್ದರೆ ಹರಗೋಲು, ಇಲ್ಲದಿದ್ದರೆ ಮೈಗೆ ಕಟ್ಟಿದ ಒಣ ಬುರುಡೆ.

ಕಲಿಸುವ ಕ್ರಮವೂ ಸರಳವೇ. ಸೊಂಟಕ್ಕೊಂದು ಹಗ್ಗ, ಬೆನ್ನಿಗೊಂದು ಸೋರೆಬುರುಡೆ ಅಥವಾ ಬೆಂಡು, ಬಾವಿಯ ಮೆಟ್ಟಿಲ ಮೇಲಿಂದ ಹಿರಿಯರ ಒಂದು ನೂಕು. ಗುರುದಕ್ಷಿಣೆಯಿಲ್ಲದ ವಿದ್ಯೆ! ಆದರೆ ಈ ನೂಕು ಬಹುಮಟ್ಟಿಗೆ ಗಂಡುಹುಡುಗರ ಪಾಲಿನದಾಗಿತ್ತು. ಹೆಣ್ಣುಮಕ್ಕಳು ಅದೇ ಬಾವಿಗೆ ಕೊಡ ಹಿಡಿದು ಬಂದು, ನೀರು ತುಂಬಿಕೊಂಡು ಹೋಗುತ್ತಿದ್ದರು.

ಹಾಗೆಂದು ಅವರಲ್ಲಿ ಧೈರ್ಯವಿರಲಿಲ್ಲವೇ? ೨೦೧೪ರ ಮಳೆಗಾಲದ ಒಂದು ಸಂಗತಿಯನ್ನು ನೆನೆಯಬೇಕು. ಸುರಪುರ ಸೀಮೆಯಲ್ಲಿ, ಕೃಷ್ಣೆಯ ನಡುವೆ, ನೀಲಕಂಠರಾಯನಗಡ್ಡಿ ಎಂಬ ಊರಿದೆ. ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಟ್ಟರೆ ಆ ಊರು ನಾಲ್ಕೂ ಕಡೆಯಿಂದ ಹೊಳೆಯ ಸೆರೆಗೆ ಬೀಳುತ್ತಿತ್ತು. ಆ ವರ್ಷ ಅಲ್ಲಿನ ತುಂಬು ಗರ್ಭಿಣಿಯೊಬ್ಬಳು, ಆಸ್ಪತ್ರೆಯಲ್ಲಿಯೇ ಹೆರಿಗೆಯಾಗಬೇಕೆಂದು ನಿಶ್ಚಯಿಸಿ, ಒಣ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಸೋದರರ ನೆರವಿನಿಂದ ತುಂಬಿದ ಕೃಷ್ಣೆಯನ್ನು ಈಸಿ ದಾಟಿದಳು. ಕಕ್ಕೇರಿಯ ಕಡೆಯ ದಡ ಮುಟ್ಟಿದ ಆಕೆಯ ಸುದ್ದಿ ದೇಶದ ಆಚೆಗೂ ಹೋಯಿತು. ಓದಿದವರು ಮೆಚ್ಚಿದರು. ಹೆರಿಗೆಗೆ ಹೋಗಲು ಹೆಣ್ಣುಮಗಳು ಹೊಳೆಗೆ ಬೀಳಬೇಕಾಯಿತಲ್ಲ ಎಂದು ನಾಚಿದವರು ಎಷ್ಟು ಮಂದಿಯೋ!

ಇಷ್ಟು ಗಟ್ಟಿಗೆಯರು ಇರುವ ಕಡೆ ಈಜಿನ ಪಂದ್ಯ ಗೆಲ್ಲುವುದೇನು ಮಹಾ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಹೊಳೆ ದಾಟುವ ಈಸೇ ಬೇರೆ, ಪಂದ್ಯದ ಈಜೇ ಬೇರೆ. ದಾಟುವವರಿಗೆ ಮುಳುಗದಿರುವುದು ಮುಖ್ಯ. ಪಂದ್ಯದವರಿಗೆ ನೀರನ್ನು ಸೀಳುವುದು ಮುಖ್ಯ. ನೀರು ಗಾಳಿಗಿಂತ ಸುಮಾರು ೮೦೦ ಪಟ್ಟು ಸಾಂದ್ರವಾದದ್ದು. ವೇಗ ಇಮ್ಮಡಿಯಾದರೆ ನೀರಿನ ತಡೆ ಹೆಚ್ಚುಕಡಿಮೆ ನಾಲ್ಕು ಮಡಿಯಾಗುತ್ತದೆ. ಆದ್ದರಿಂದ ತೋಳಿನ ಬಲವೊಂದನ್ನೇ ನಂಬಿದವರು ಬೇಗ ದಣಿಯುತ್ತಾರೆ. ತಲೆ ಎತ್ತಿದರೆ ಸೊಂಟ ಇಳಿಯುತ್ತದೆ. ಸೊಂಟ ಇಳಿದರೆ ಇಡೀ ದೇಹ ನೀರಿಗೆ ಅಡ್ಡಗೋಡೆಯಾಗುತ್ತದೆ. ನಮ್ಮ ಬಾವಿಗಳಲ್ಲಿ ಕಲಿತವರೆಲ್ಲ ತಲೆ ಎತ್ತಿಯೇ ಈಸುತ್ತಾರೆ; ಎದುರಿನ ದಡ ಕಾಣಬೇಕಲ್ಲ! ಪಂದ್ಯದ ಕೊಳದಲ್ಲಿ ಮುಖ ನೀರಿನೊಳಗಿರಬೇಕು, ಕಣ್ಣು ತಳದ ಕಪ್ಪು ಗೆರೆಯ ಮೇಲಿರಬೇಕು, ಉಸಿರಿಗೆ ಮುಖ ಪಕ್ಕಕ್ಕೆ ಹೊರಳಿದರೆ ಸಾಕು. ಇದು ತಾನಾಗಿ ಬರುವ ವಿದ್ಯೆಯಲ್ಲ. ದಡದ ಮೇಲೆ ನಿಂತು ನೋಡಿ ತಿದ್ದುವವರೊಬ್ಬರು ಬೇಕು.

ಈ ತಿದ್ದುವಿಕೆ ಹೆಣ್ಣುಮಕ್ಕಳಿಗೆ ದೊರಕಿದ್ದು ಬಹಳ ತಡವಾಗಿ, ನಮ್ಮಲ್ಲಿ ಮಾತ್ರವಲ್ಲ, ಎಲ್ಲ ಕಡೆಯೂ. ಒಲಿಂಪಿಕ್ ಕ್ರೀಡೆಗಳಲ್ಲಿ ಗಂಡಸರು ೧೮೯೬ರಿಂದಲೇ ಈಜಿದರು. ಹೆಂಗಸರಿಗೆ ಅವಕಾಶ ಸಿಕ್ಕಿದ್ದು ೧೯೧೨ರಲ್ಲಿ, ಸ್ಟಾಕ್‌ಹೋಮಿನಲ್ಲಿ. ನೂರು ಮೀಟರ್ ಗೆದ್ದ ಆಸ್ಟ್ರೇಲಿಯದ ಫ್ಯಾನಿ ಡುರಾಕ್ ಅಲ್ಲಿಗೆ ಹೋಗುವುದೇ ಕಷ್ಟವಾಗಿತ್ತು. ಗಂಡಸರು ನೋಡುವ ಕಡೆ ಹೆಂಗಸರು ಈಜಬಾರದೆಂಬ ನಿಯಮವನ್ನು ಆಕೆಯ ನಾಡಿನ ಮಹಿಳಾ ಸಂಘವೇ ಮಾಡಿಕೊಂಡಿತ್ತು! ಜನ ಗದ್ದಲವೆಬ್ಬಿಸಿದ ಮೇಲೆ ಆಕೆಗೆ ಹಡಗು ಹತ್ತುವುದು ಸಾಧ್ಯವಾಯಿತು. ಆಕೆ ತೆಗೆದುಕೊಂಡ ಕಾಲ ೧ ನಿಮಿಷ ೨೨.೨ ಸೆಕೆಂಡು. ೨೦೨೪ರ ಪ್ಯಾರಿಸ್ಸಿನಲ್ಲಿ ಸ್ವೀಡನ್ನಿನ ಸಾರಾ ಶೋಸ್ಟ್ರಮ್ ಅದೇ ದೂರವನ್ನು ೫೨.೧೬ ಸೆಕೆಂಡಿನಲ್ಲಿ ಮುಗಿಸಿದಳು. ನಡುವಿನ ಮೂವತ್ತು ಸೆಕೆಂಡುಗಳಲ್ಲಿ ಕೊಳದ, ಉಡುಪಿನ ಪಾಲೂ ಇದೆ. ಆದರೂ ದೊಡ್ಡ ಪಾಲು ಕಲಿಕೆಯದು, ಅಭ್ಯಾಸದ್ದು.

ಹುಡುಗಿಯರನ್ನು ಒಟ್ಟುಗೂಡಿಸಿ ಕ್ರಮವಾಗಿ ಈಜಿನ ವಿಧಾನವನ್ನೇ ಕಲಿಸಿದ ಹಳೆಯ ಸಂಸ್ಥೆಗಳಲ್ಲಿ ಒಂದು ನ್ಯೂಯಾರ್ಕಿನ ಮಹಿಳಾ ಈಜು ಸಂಘ. ೧೯೧೭ರಲ್ಲಿ ಅದನ್ನು ಕಟ್ಟಿದವಳು ಶಾರ್ಲಟ್ ಎಪ್ಸ್ಟೈನ್ ಎಂಬಾಕೆ. ಅವರಿಗಿದ್ದದ್ದು ದೊಡ್ಡ ಕೊಳವೇನೂ ಅಲ್ಲ. ಆದರೆ ಲೂಯಿ ಹ್ಯಾಂಡ್ಲಿ ಎಂಬ ಶಿಕ್ಷಕರಿದ್ದರು. ಸಂಬಳವಿಲ್ಲದೆ, ಕೈ ನೀರಿಗೆ ಹೇಗೆ ಇಳಿಯಬೇಕು, ಕೈಯ ಒಂದು ಸುತ್ತಿಗೆ ಕಾಲು ಎಷ್ಟು ಸಲ ಬಡಿಯಬೇಕು ಎಂಬುದನ್ನು ಅವರು ಹುಡುಗಿಯರಿಗೆ ಎಣಿಸಿ ಕಲಿಸಿದರು. ಅವರ ಕೈಯಲ್ಲಿ ಪಳಗಿದ ಗರ್ಟ್ರೂಡ್ ಎಡರ್ಲೆ ೧೯೨೬ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ ಮೊದಲ ಮಹಿಳೆಯಾದಳು. ಆಕೆಗಿಂತ ಮೊದಲು ದಾಟಿದವರು ಐವರು, ಎಲ್ಲರೂ ಗಂಡಸರು. ಐವರಿಗಿಂತಲೂ ಆಕೆ ಕಡಿಮೆ ಹೊತ್ತು ತೆಗೆದುಕೊಂಡಳು. ಇಪ್ಪತ್ತರ ಹುಡುಗಿಯ ತೋಳು ಅವರ ತೋಳಿಗಿಂತ ಬಲವಾಗಿತ್ತೆಂದು ಯಾರೂ ಹೇಳಲಾರರು. ಗೆದ್ದದ್ದು ಆ ಪುಟ್ಟ ಕೊಳದಲ್ಲಿ ಕಲಿತ ‘ಕ್ರಾಲ್’ ಈಜು.

ನಮ್ಮ ದೇಶದ ಕಥೆ ಮತ್ತೆ ಹೊಳೆಯ ಘಟ್ಟದಿಂದಲೇ ಹೊರಡುತ್ತದೆ. ಕಲ್ಕತ್ತೆಯ ಆರತಿ ಸಾಹಾ ಹೂಗ್ಲಿಯ ಘಟ್ಟದಲ್ಲಿ ನೀರಿನ ನಂಟು ಬೆಳೆಸಿಕೊಂಡ ಹುಡುಗಿ. ೧೯೫೧ರ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಸಚಿನ್ ನಾಗ್ ಆಕೆಯನ್ನು ತಿದ್ದಿದರು. ೧೯೫೨ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿಗೆ ಹೋದಾಗ ಆಕೆಗೆ ಹನ್ನೆರಡು ತುಂಬಿರಲಿಲ್ಲ. ಮುಂದೆ ೧೯೫೯ರ ಆಗಸ್ಟಿನಲ್ಲಿ ಕಡಲ್ಗಾಲುವೆಯಲ್ಲಿ ಸೋತು, ಸೆಪ್ಟೆಂಬರ್ ೨೯ರಂದು ಮತ್ತೆ ಇಳಿದು, ೧೬ ಗಂಟೆ ೨೦ ನಿಮಿಷದಲ್ಲಿ ದಾಟಿದಳು. ಹಾಗೆ ದಾಟಿದ ಏಷ್ಯದ ಮೊದಲ ಮಹಿಳೆ ಆಕೆ. ೧೯೬೦ರಲ್ಲಿ ಪದ್ಮಶ್ರೀ ಬಂತು.

ಶಿಬಿರವೆಂದರೆ ಎಲ್ಲವೂ ಒಳ್ಳೆಯದೆಂದು ತಿಳಿಯುವಂತಿಲ್ಲ. ಪೂರ್ವ ಜರ್ಮನಿಯಲ್ಲಿ ಹದಿಹರೆಯದ ಹುಡುಗಿಯರನ್ನು ಮನೆಯಿಂದ ದೂರ ಇಟ್ಟು ಈಜು ಕಲಿಸಿದರು. ೧೯೭೬ರ ಮಾಂಟ್ರಿಯಲ್ಲಿನಲ್ಲಿ ಹೆಂಗಸರ ಹದಿಮೂರು ಪಂದ್ಯಗಳಲ್ಲಿ ಹನ್ನೊಂದನ್ನು ಅವರೇ ಗೆದ್ದರು, ಲೋಕ ಬೆರಗಾಯಿತು. ಗುಟ್ಟು ಬಯಲಾದದ್ದು ಆ ದೇಶವೇ ಇಲ್ಲವಾದ ಮೇಲೆ. ಜೀವಸತ್ತ್ವವೆಂದು ಹೇಳಿ ಮಕ್ಕಳಿಗೆ ಗಂಡುತನದ ರಸಗಳ ಮಾತ್ರೆ ನುಂಗಿಸಿದ್ದರು. ಎಷ್ಟೋ ಹೆಂಗಸರು ಅದರ ಬಾಧೆಯನ್ನು ಬಾಳಿನುದ್ದಕ್ಕೂ ಅನುಭವಿಸಿದರು. ೨೦೦೦ದಲ್ಲಿ ಬರ್ಲಿನ್ನಿನ ನ್ಯಾಯಾಲಯ ಹೊಣೆಗಾರರನ್ನು ತಪ್ಪಿತಸ್ಥರೆಂದು ಸಾರಿತು. ಮಗಳನ್ನು ಶಿಬಿರಕ್ಕೆ ಕಳಿಸುವ ತಾಯಿತಂದೆಗಳು ‘ಏನು ಕಲಿಸುತ್ತೀರಿ’ ಎನ್ನುವುದರ ಜೊತೆಗೆ ‘ಏನು ಕೊಡುತ್ತೀರಿ’ ಎಂದೂ ಕೇಳಿದರೆ ಅದು ಅತಿಯಲ್ಲ.

ಇನ್ನು ನಮ್ಮ ರಾಜ್ಯದ ಮಾತು. ಬೆಂಗಳೂರಿನ ನಿಶಾ ಮಿಲೆಟ್ ಐದು ವರ್ಷದವಳಿದ್ದಾಗ ನೀರಿನಲ್ಲಿ ಮುಳುಗಿ ಉಳಿದವಳು. ಭಯ ಹೋಗಲೆಂದು ತಂದೆ ಆಕೆಗೆ ಈಜು ಕಲಿಸಿದರು. ಬಸವನಗುಡಿಯ ಈಜು ಕೇಂದ್ರದಲ್ಲಿ ಪ್ರದೀಪ್ ಕುಮಾರರ ಬಳಿ ಪಳಗಿ, ೧೯೯೯ರಲ್ಲಿ ಅರ್ಜುನ ಪ್ರಶಸ್ತಿ ಪಡೆದು, ೨೦೦೦ದ ಸಿಡ್ನಿಯಲ್ಲಿ ೨೦೦ ಮೀಟರ್ ಈಜಿದಳು. ೨೦೦೪ರ ಅಥೆನ್ಸಿಗೆ ಬೆಂಗಳೂರಿನ ಶಿಖಾ ಟಂಡನ್ ಹೋದಳು. ೨೦೨೪ರಲ್ಲಿ ಹದಿನಾಲ್ಕರ ಧಿನಿಧಿ ದೇಸಿಂಗು ಪ್ಯಾರಿಸ್ಸಿನಲ್ಲಿ ೨೦೦ ಮೀಟರನ್ನು ೨ ನಿಮಿಷ ೬.೯೬ ಸೆಕೆಂಡಿನಲ್ಲಿ ಈಜಿದಳು. ಆರತಿ ಸಾಹಾ ಬಿಟ್ಟರೆ ಭಾರತದಿಂದ ಒಲಿಂಪಿಕ್ಸಿಗೆ ಹೋದ ಅತಿ ಕಿರಿಯಳು ಈಕೆಯೇ. ಮರುವರ್ಷ ಉತ್ತರಾಖಂಡದ ರಾಷ್ಟ್ರೀಯ ಕ್ರೀಡೆಗಳಲ್ಲಿ ಒಂಬತ್ತು ಚಿನ್ನ ತಂದಳು. ಮೂವರೂ ರಾಜಧಾನಿಯವರು. ಕೊಳ ಅಲ್ಲಿದೆ, ಕಲಿಸುವವರು ಅಲ್ಲಿದ್ದಾರೆ. ಯಾದಗಿರಿಯಿಂದ ಅಲ್ಲಿಗೆ ಒಂದು ರಾತ್ರಿಯ ರೈಲು.

ಈಗ ಇಂಥ ಶಿಬಿರಗಳಲ್ಲಿ ನಡೆಯುವುದೇನು? ಬರಿಯ ಸುತ್ತು ಹೊಡೆಸುವುದಲ್ಲ. ಹಲಗೆ ಹಿಡಿದು ಕಾಲು ಮಾತ್ರ ಬಡಿಯುವುದು, ಒಂದೇ ಕೈಯಲ್ಲಿ ಈಜುವುದು, ಅಂಗೈಯನ್ನು ಅತ್ತಿತ್ತ ಆಡಿಸಿ ನೀರಿನ ಒತ್ತಡವನ್ನು ಬೆರಳಿಗೆ ಪರಿಚಯಿಸುವುದು, ಹೀಗೆ ಒಂದು ಈಜನ್ನು ಬಿಡಿಬಿಡಿಯಾಗಿ ಬಿಚ್ಚಿ ಮತ್ತೆ ಜೋಡಿಸುತ್ತಾರೆ. ಕೈ ಮುಂದೆ ಇಳಿದ ಕೂಡಲೇ ಮೊಣಕೈಯನ್ನು ಎತ್ತರದಲ್ಲಿಯೇ ಉಳಿಸಿ, ಮುಂಗೈಯನ್ನು ಹುಟ್ಟಿನಂತೆ ನೀರಿಗೆ ಒಡ್ಡಬೇಕು. ಇದನ್ನು ನೀರು ‘ಹಿಡಿಯುವುದು’ ಎನ್ನುತ್ತಾರೆ. ಗೋಡೆಯ ಬಳಿ ಪಲ್ಟಿ ಹೊಡೆದು, ಕಾಲಿನಿಂದ ಒದ್ದು, ನೀರೊಳಗೆ ಮೀನಿನಂತೆ ಸಾಗುವುದು ಬೇರೆಯೇ ಪಾಠ. ಹದಿನೈದು ಮೀಟರಿಗಿಂತ ಹೆಚ್ಚು ಹಾಗೆ ಸಾಗಿದರೆ ಪಂದ್ಯದಿಂದ ಹೊರಗೆ! ನೀರೊಳಗಿನ ಕ್ಯಾಮರಾ ತೆಗೆದ ಚಿತ್ರವನ್ನು ಹುಡುಗಿಗೇ ತೋರಿಸುವುದು ಉಂಟು. ‘ನಾನು ಹೀಗಾ ಈಜ್ತೀನಿ?’ ಎಂಬ ಆಶ್ಚರ್ಯವೇ ಅರ್ಧ ಪಾಠ.

ಹದಿಹರೆಯಕ್ಕೇ ಇಷ್ಟು ಗಮನವೇಕೆ ಎಂದರೆ, ಹನ್ನೊಂದರಲ್ಲಿ ಚೆನ್ನಾಗಿ ಈಜುತ್ತಿದ್ದ ಹುಡುಗಿ ಹದಿಮೂರರಲ್ಲಿ ಹಿಂದೆ ಬೀಳುವುದುಂಟು. ಅವಳು ಸೋಮಾರಿಯಾದಳೆಂದು ಮನೆಯವರು ಬೈಯುತ್ತಾರೆ. ನಿಜವೇನೆಂದರೆ ಕೈಕಾಲು ಉದ್ದವಾಗಿವೆ, ಸೊಂಟ ಅಗಲವಾಗಿದೆ. ಹಳೆಯ ಮೈಗೆ ಹೊಂದಿದ್ದ ಈಜು ಹೊಸ ಮೈಗೆ ಹೊಂದುವುದಿಲ್ಲ. ಆಗ ದೂರವನ್ನು ಹೆಚ್ಚಿಸಿದರೆ ಭುಜದ ನೋವು ಹಿಡಿಯುತ್ತದೆ. ತಿಳಿದ ಶಿಕ್ಷಕರು ದೂರ ಕಡಿಮೆ ಮಾಡಿ, ಈಜನ್ನು ಮೊದಲಿನಿಂದ ಹೊಂದಿಸುತ್ತಾರೆ. ತಿಂಗಳ ದಿನಗಳ ಮಾತನ್ನು ಸಂಕೋಚವಿಲ್ಲದೆ ಹೇಳಿಕೊಳ್ಳಲು ಒಬ್ಬ ಹೆಂಗಸು ಕೊಳದ ಬಳಿ ಇರಬೇಕು. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಬೇಕು. ಇವು ಸಣ್ಣ ಸಂಗತಿಗಳೆಂದು ಯಾರೂ ತಿಳಿಯಬಾರದು. ಎಷ್ಟೋ ಹುಡುಗಿಯರ ಈಜು ನಿಂತುಹೋಗುವುದು ನೀರಿನಲ್ಲಿ ಅಲ್ಲ, ಈ ಕೋಣೆಯ ಬಾಗಿಲಲ್ಲಿ.

ನಮ್ಮ ಹೊಳೆಯಲ್ಲಿಯೇ ಶಿಬಿರ ಮಾಡಬಾರದೇಕೆ ಎಂದು ಕೇಳುವವರಿಗೆ ನೇರವಾಗಿ ಹೇಳಬೇಕು: ಬಾರದು. ಮಳೆಗಾಲದಲ್ಲಿ ಅಣೆಕಟ್ಟಿನ ಬಾಗಿಲು ತೆರೆದರೆ ಕೃಷ್ಣೆ ನೋಡನೋಡುತ್ತ ಏರುತ್ತಾಳೆ. ಬೇಸಿಗೆಯ ಮಡುವುಗಳಲ್ಲಿ ತಳ ತಿಳಿಯುವುದಿಲ್ಲ. ಇಪ್ಪತ್ತೈದು ಮೀಟರಿನ ಶುದ್ಧ ಕೊಳ, ಗೆರೆ ಎಳೆದ ತಳ, ಗೋಡೆಯ ಮೇಲೊಂದು ಗಡಿಯಾರ, ಜೀವ ಉಳಿಸಲು ಬಲ್ಲ ಕಾವಲುಗಾರರು ಇದ್ದರೆ ಆರಂಭಕ್ಕೆ ಸಾಕು. ಮೊದಲ ದಿನ ಹುಡುಗಿಯೊಬ್ಬಳು ಆ ಇಪ್ಪತ್ತೈದು ಮೀಟರಿಗೆ ಎಷ್ಟು ಸಲ ಕೈ ಬೀಸಿದಳೆಂದು ಶಿಕ್ಷಕಿ ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಶಿಬಿರದ ಕೊನೆಯ ದಿನ, ಅದೇ ವೇಗದಲ್ಲಿ ಈಜಿಸಿ, ಮತ್ತೆ ಎಣಿಸಿ, ಪಕ್ಕದ ಸಾಲಿನಲ್ಲಿ ಬರೆಯುತ್ತಾಳೆ. ಎರಡನೆಯ ಅಂಕಿ ಚಿಕ್ಕದಾಗಿದ್ದರೆ ಹುಡುಗಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.