ಅಕ್ಕತಂಗಿಯರ ಹಬ್ಬದ ಕಥೆ: ಹಾಡಿನಿಂದ ಅಚ್ಚಿಗೆ

ಹಬ್ಬದ ದಿನ ತಮ್ಮ ಪಾಲಿನದನ್ನು ಇಲ್ಲದವರ ಮನೆಗೆ ಕೊಟ್ಟು ಬರುವ ಅಕ್ಕತಂಗಿಯರ ಕಥೆಗೆ ಇಂಗ್ಲಿಷ್ ಮಕ್ಕಳ ಸಾಹಿತ್ಯದಲ್ಲಿ ದೊಡ್ಡ ವಂಶಾವಳಿಯೇ ಇದೆ. ಆ ಮನೆತನದ ಹಿರಿಯಕ್ಕ 1868ರಲ್ಲಿ ಅಮೆರಿಕದಲ್ಲಿ ಬಂದ ಲೂಯಿಸಾ ಮೇ ಆಲ್ಕಾಟರ ‘ಲಿಟಲ್ ವಿಮೆನ್’. ಅಪ್ಪ ಯುದ್ಧಕ್ಕೆ ಹೋಗಿದ್ದಾನೆ, ಮನೆಯಲ್ಲಿ ಕೈಬಿಗಿ, ಈ ಸಲ ಕ್ರಿಸ್‌ಮಸ್‌ಗೆ ಉಡುಗೊರೆಯಿಲ್ಲವಲ್ಲ ಎಂದು ನಾಲ್ವರು ಹುಡುಗಿಯರು ಗೊಣಗುವುದರಿಂದಲೇ ಕಾದಂಬರಿ ಶುರು. ತಮ್ಮಲ್ಲಿದ್ದ ಒಂದೊಂದು ಡಾಲರನ್ನು ಅವರು ಅಮ್ಮನಿಗಾಗಿ ಖರ್ಚು ಮಾಡುತ್ತಾರೆ. ಹಬ್ಬದ ಬೆಳಗ್ಗೆ ಮಾಡಿಟ್ಟ ತಿಂಡಿಯನ್ನು ಹಸಿದವರ ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಅದಕ್ಕೆ 25 ವರ್ಷ ಮೊದಲು, 1843ರಲ್ಲಿ, ಡಿಕನ್ಸ್ ಇದೇ ಮಾತನ್ನು ಒಬ್ಬ ಜಿಪುಣ ಮುದುಕನ ಕಥೆಯಾಗಿ ಹೇಳಿದ್ದ. ಆ ಮುದುಕನಿಗೆ ಬುದ್ಧಿ ಬರಲು ರಾತ್ರಿಯಿಡೀ ದೆವ್ವಗಳು ಬೇಕಾದವು. ಆಲ್ಕಾಟರಿಗೆ ಒಂದು ಅಡುಗೆಮನೆ ಸಾಕಾಯಿತು. 1935ರ ‘ಲಿಟಲ್ ಹೌಸ್ ಆನ್ ದ ಪ್ರೇರಿ’ಯಲ್ಲಿ ಮೇರಿ, ಲಾರಾ ಎಂಬ ಅಕ್ಕತಂಗಿಯರು ಒಂದೊಂದು ತಗಡಿನ ಲೋಟಕ್ಕೆ, ಒಂದೊಂದು ಬಿಡಿಕಾಸಿಗೆ ಹಿಗ್ಗುತ್ತಾರೆ. ಆಮೇಲಿನವು ಬಹುಪಾಲು ಈ ಎರಡು ಅಕ್ಕತಂಗಿಯರ ಕಥೆಗಳ ನಕಲು.

ಕನ್ನಡದಲ್ಲಿ ಈ ಜಾತಿಯ ಕಥೆ ಯಾಕೆ ಬೇರೂರಲಿಲ್ಲ? ಕ್ರಿಸ್‌ಮಸ್ ನಮ್ಮ ಅಚ್ಚಿಗೆ ತಡವಾಗಿ ಬಂದದ್ದೇನೂ ಅಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಅವರ ಮುದ್ರಣಾಲಯ ಶುರುವಾದದ್ದು 1841ರಲ್ಲಿ. ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಬದುಕನ್ನು ನಮ್ಮ ಛಂದಸ್ಸಿಗೇ ಇಳಿಸಿದರು. ಆದರೆ ಅಲ್ಲಿ ಕ್ರಿಸ್ತನ ಜನನ ಪುರಾಣದ ಪ್ರಸಂಗ. ಹಬ್ಬ ಮಾಡುವ ಮನೆ, ಆ ಮನೆಯ ಮಕ್ಕಳು, ಅವರ ಹೊಟ್ಟೆಕಿಚ್ಚು, ಆಸೆ ಇವೆಲ್ಲ ಪುರಾಣದ ಹೊರಗೇ ಉಳಿದವು. ಕರಾವಳಿಯ ಕ್ರೈಸ್ತರು ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆಯನ್ನು ನೆರೆಮನೆಗಳಿಗೆ ಹಂಚಿ ಬರುವ ರೂಢಿ ಇಂಥ ಕಥೆಗೆ ಕೈಗೆಟುಕುವ ಸಾಮಗ್ರಿ. ಆ ತಟ್ಟೆ ಹೊತ್ತು ಹೋಗುವವರು ಹೆಚ್ಚಾಗಿ ಮಕ್ಕಳೇ.

ಕೊಡುವ ಅಕ್ಕತಂಗಿಯರು ಕನ್ನಡದಲ್ಲಿ ಇರಲಿಲ್ಲ ಎನ್ನುವಂತಿಲ್ಲ. ಅವರು ಬಾಯಿಮಾತಿನಲ್ಲಿದ್ದರು. ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ, ಹೂಮರವಾಗುವ ಹುಡುಗಿಯ ಕಥೆಯನ್ನೇ ನೋಡಿ. ಕೂಲಿ ಮಾಡಿ ಸಾಕುವ ಮುದುಕಿ, ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟ ನೋಡಲಾರದೆ ಚಿಕ್ಕವಳು ಮರವಾಗಿ ನಿಲ್ಲುತ್ತಾಳೆ. ದೊಡ್ಡವಳು ನೀರು ಹುಯ್ದು, ಎಲೆ ಮುರಿಯದಂತೆ, ಚಿಗುರು ನೋಯದಂತೆ ಹೂ ಬಿಡಿಸಿ, ಮತ್ತೆ ನೀರು ಹುಯ್ದು ತಂಗಿಯನ್ನು ಮನುಷ್ಯಳಾಗಿಸುತ್ತಾಳೆ. ಹೂ ಅರಮನೆಗೆ ಮಾರಾಟಕ್ಕೆ, ದುಡ್ಡು ತಾಯಿಗೆ ತಿಳಿಯದಂತೆ ಮನೆಗೆ. ಆಲ್ಕಾಟರ ಹುಡುಗಿಯರು ತಟ್ಟೆಯಲ್ಲಿದ್ದದ್ದನ್ನು ಕೊಟ್ಟರೆ ಇವಳು ಮೈಯನ್ನೇ ಕೊಡುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ತೆಗೆದುಕೊಳ್ಳುವವರು ಹೇಗೆ ತೆಗೆದುಕೊಳ್ಳಬೇಕು ಎಂಬುದನ್ನೂ ಈ ಕಥೆ ಹೇಳುತ್ತದೆ. ಮುಂದೆ ಗಂಡನ ಮನೆಯಲ್ಲಿ ನಾದಿನಿ ಮತ್ತವಳ ಗೆಳತಿಯರು ಒರಟಾಗಿ ಕೊಂಬೆ ಮುರಿದದ್ದರಿಂದಲೇ ಅನಾಹುತ. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಎಂಬ ಸಿನಿಮಾ ಮಾಡಿದರು; ರಾಮಾನುಜನ್ ತೀರಿಕೊಂಡ ಮೇಲೆ 1997ರಲ್ಲಿ ಬಂದ ಕಥಾಸಂಕಲನ ಇದೇ ಕಥೆಯ ಹೆಸರು ಹೊತ್ತಿದೆ; 2006ರಲ್ಲಿ ವಿಯೆನ್ನಾದಲ್ಲಿ ಜಾನ್ ಆಡಮ್ಸ್ ಆಪೆರಾ ಮಾಡಿದರು. ಇಷ್ಟು ದೂರ ಹೋದ ಕಥೆ ನಮ್ಮ ಮಕ್ಕಳ ಕೈಗೆ ಇನ್ನಷ್ಟು ಸಲ ಬರಬೇಕಿತ್ತು.

ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯದೂ ಅದೇ ಹಣೆಬರಹ. ಓದುಬರಹ ಬಾರದ ಈ ಕಾಡುಗೊಲ್ಲ ಅಜ್ಜಿ ಸಾವಿರಾರು ಪದ ಹಾಡಿದರು. ಕೃಷ್ಣಮೂರ್ತಿ ಹನೂರು ಅವನ್ನು ಬರೆದುಕೊಂಡರು. ಹಾಗೆ ಉಳಿದದ್ದು ದೊಡ್ಡ ಉಪಕಾರ. ಆದರೆ ಅಚ್ಚಾದ ಜಾನಪದ ವಿದ್ವಾಂಸರ ಕಪಾಟು ಸೇರುತ್ತದೆ, ಐದನೇ ತರಗತಿಯ ಹುಡುಗಿಯ ಚೀಲವನ್ನಲ್ಲ.

ಈ ಸೀಮೆಯಲ್ಲಿ ಇನ್ನೊಂದು ತೊಡಕೂ ಇದೆ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ರೈತರು ಬೆಳೆದ ಈರುಳ್ಳಿಯನ್ನು ತೂರಿ ಹರಕೆ ತೀರಿಸುತ್ತಾರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರಿನಲ್ಲಿ ನಿಂತಿರುವ ಮಾತು ‘ಮಾಡಿದಷ್ಟು ನೀಡು ಭಿಕ್ಷೆ’. ಇಲ್ಲಿ ಕೊಡುವುದು ಹರಕೆ, ಇಲ್ಲವೇ ಪಾಲು, ಲೆಕ್ಕವಿರುವ ಕೆಲಸ. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಮನಸ್ಸು ಕರಗಿ ಕೊಡುವುದಲ್ಲ. ಕ್ರಿಸ್‌ಮಸ್ ಕಥೆ ನಿಂತಿರುವುದೇ ಆ ಕರಗುವಿಕೆಯ ಮೇಲೆ. ಹಾಗಾಗಿ ಅದನ್ನು ಹಾಗೇ ಎತ್ತಿ ತಂದು ನೆಟ್ಟರೆ ನಮ್ಮ ಮಣ್ಣಿಗೆ ಹತ್ತುವುದು ಕಷ್ಟವೇ.

ಬೇರೆ ಕಥೆಗಳು ಹತ್ತಿದವಲ್ಲ! ಪಂಜೆ ಮಂಗೇಶರಾಯರು (1874–1937) ಹೊರಗಿನ ಕಥೆಗಳನ್ನು ಕರಾವಳಿಯ ನೀರು ಕುಡಿಸಿ ಬೆಳೆಸಿದರು. ಬ್ರೌನಿಂಗನ ಹ್ಯಾಮೆಲಿನ್ ಕುವೆಂಪು ಕೈಯಲ್ಲಿ ಬೊಮ್ಮನಹಳ್ಳಿಯಾಯಿತು. ಕುವೆಂಪು ಅವರ ಕಿಂದರಿಜೋಗಿಗೆ ದೇವರ ಹಂಗಿರಲಿಲ್ಲ, ಪಂಜೆಯವರ ಕರಡಿಗೂ ಇಲಿಗೂ ಜಾತಿಮತವಿರಲಿಲ್ಲ; ಅವು ಸಲೀಸಾಗಿ ಗಡಿ ದಾಟಿದವು. ಹಬ್ಬ ಹಾಗಲ್ಲ, ಬರುವಾಗ ದೇವರನ್ನೂ ಕರೆದುಕೊಂಡು ಬರುತ್ತದೆ.

ಚಂದಮಾಮ 1949ರ ಜುಲೈಯಲ್ಲಿ ಕನ್ನಡಕ್ಕೆ ಬಂತು. 1965ರಲ್ಲಿ ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲೇ ಬಂದವು, ಅವು ಸಿಂಡ್ರೆಲಾ ಬಗೆಯ ಪಾಶ್ಚಾತ್ಯ ಕಥೆಗಳಾಗಿದ್ದವು ಎಂಬುದು ಇಂದು ಎಷ್ಟೋ ಮಂದಿಗೆ ಮರೆತಿದೆ. ಈ ಹಂತದಲ್ಲಿ ಅಕ್ಕತಂಗಿಯರು ಅಚ್ಚಿನಲ್ಲಿ ಕಾಣಿಸಿಕೊಂಡರೇನೋ ಹೌದು, ಆದರೆ ಎದುರಾಳಿಗಳಾಗಿ. ಒಬ್ಬಳು ಒಳ್ಳೆಯವಳು, ಇನ್ನೊಬ್ಬಳು ಮಲತಾಯಿಯ ಮಗಳು. ಒಳ್ಳೆಯವಳಿಗೆ ರಾಜಕುಮಾರ, ಕೆಟ್ಟವಳಿಗೆ ಶಿಕ್ಷೆ. ಇಬ್ಬರೂ ಸ್ವಲ್ಪ ಸ್ವಾರ್ಥಿಗಳಾಗಿದ್ದು ಇಬ್ಬರೂ ಕಲಿಯುವ ಸಾಧ್ಯತೆಗೆ ಅಲ್ಲಿ ಜಾಗವಿಲ್ಲ.

ಹಬ್ಬಕ್ಕೆ ಸಿಕ್ಕಿದ್ದು ಪಠ್ಯಪುಸ್ತಕದ ಪಾಠ: ಯಾವ ತಿಂಗಳು, ಯಾವ ದೇವರು, ಯಾವ ಸಿಹಿ, ಕೊನೆಯಲ್ಲಿ ಸೌಹಾರ್ದದ ಒಂದು ವಾಕ್ಯ. ಬುದ್ಧಿ ಹೇಳುವ ಚಟ ನಮ್ಮಲ್ಲಿ ಹಳೆಯದು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕ ತಂದೆತಾಯಿಯ ಮಾತು ಕೇಳಬೇಕು, ಸತ್ಯ ಹೇಳಬೇಕು ಎಂದು ಕೆತ್ತಿಸಿ ಎರಡು ಸಾವಿರ ವರ್ಷದ ಮೇಲಾಯಿತು. ಚಕ್ರವರ್ತಿಗೆ ಬಂಡೆಯ ಖರ್ಚಿತ್ತು, ಚುಟುಕಾಗಿ ಹೇಳಿದ. ಪಾಠ ಬರೆಯುವವರಿಗೆ ಆ ಕಟ್ಟುಪಾಡೂ ಇಲ್ಲ.

ಪಾಠವನ್ನು ಕಥೆ ಮಾಡಿದ ಭಾರತೀಯ ಮಾದರಿ ಪ್ರೇಮಚಂದರ ‘ಈದ್‌ಗಾಹ್’ (1933). ಹಬ್ಬದ ಸಂತೆಯಲ್ಲಿ ಎಲ್ಲ ಹುಡುಗರೂ ಆಟಿಕೆ ಕೊಂಡರೆ ಹಮೀದ್ ಮೂರು ಪೈಸೆಗೆ ಅಜ್ಜಿಗೆ ಇಕ್ಕಳ ಕೊಳ್ಳುತ್ತಾನೆ. ಈದ್ ಎಂದರೇನೆಂದು ಪ್ರೇಮಚಂದ್ ಎಲ್ಲೂ ವಿವರಿಸಲು ನಿಲ್ಲುವುದಿಲ್ಲ.

ಕನ್ನಡದಲ್ಲಿ ಇತ್ತೀಚೆಗೆ ನೆಲ ಹದವಾಗುತ್ತಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಶುರು ಮಾಡಿದಾಗ ಕನ್ನಡದ ಮೊದಲನೆಯದು ಬೊಳುವಾರು ಮಹಮ್ಮದ್ ಕುಂಞಿ ಅವರ ಗಾಂಧಿ ಪುಸ್ತಕಕ್ಕೆ, ಎರಡನೆಯದು ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ ಸಂದಿತು. 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ಮರುವರ್ಷ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಮಕ್ಕಳು ತಮ್ಮ ಊರಿನ ಕಾಡು, ಗದ್ದೆ, ಮಾತುಗಳ ಸಮೇತ ಪುಸ್ತಕದೊಳಗೆ ಬಂದದ್ದು ಈ ಹೊಸ ಬರಹದ ಗೆಲುವು. 2015ರಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಿಂದ ಚಿತ್ರಕಥೆಗಳು ಕನ್ನಡದಲ್ಲಿ ಬಿಟ್ಟಿಯಾಗಿಯೇ ಸಿಗುತ್ತಿವೆ. ಮಲೆನಾಡಿಗೂ ಕರಾವಳಿಗೂ ಇದರಲ್ಲಿ ದೊಡ್ಡ ಪಾಲು ಸಿಕ್ಕಿದೆ, ಬಯಲುಸೀಮೆಗೆ ಕಡಿಮೆ.

ಆಲ್ಕಾಟರಿಗೆ ಪಂಜೆಯವರ ಉಪಚಾರ ಮಾಡಬಯಸುವವರಿಗೆ ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮನೆ ಸಾಕು. ಇನ್ನೊಬ್ಬರ ಮದುವೆಗೆ ಸೀರೆ ನೇಯುವ ಅಪ್ಪ, ಕಂಡಿಕೆ ಸುತ್ತುವ ಅಕ್ಕ, ಹಬ್ಬಕ್ಕೆ ಹೊಸ ಲಂಗ ಬೇಕೆಂದು ಹಟ ಹಿಡಿದ ತಂಗಿ. ಹಬ್ಬ ಗೌರಿಯದೋ ಕ್ರಿಸ್‌ಮಸ್ಸೋ ಮಾರಮ್ಮನದೋ, ಬರೆಯುವವರ ಇಷ್ಟ. ಆ ಹಬ್ಬವನ್ನು ಯಾಕೆ ಆಚರಿಸುತ್ತಾರೆಂಬ ವಿವರಣೆ ಮಾತ್ರ ಬೇಡ.