ಮಣ್ಣಿನಿಂದ ಬಂದ ಕಣ್ಣಿನ ಮದ್ದು

ಕಣ್ಣು ಕೆಂಪಾಗಿ ಗೀಜು ಕಟ್ಟಿತೆಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಕನ್ನಡ ಮನೆಗಳಲ್ಲಿ 'ಕಣ್ಣು ಬಂದಾವ' ಅಂತೀವಿ. ಬಾಜು ಮನೆಯ ತೆಲುಗಿನವರು 'ಕಂಡ್ಲ ಕಲಕ' ಅಂತಾರೆ. ಈಗ ಇದು ನಾಲ್ಕಾರು ದಿನದ ಬೇನೆ. ಹಿರಿಯರ ಕಾಲದಲ್ಲಿ ಹೀಗೆ ಬಂದ ಕಣ್ಣು ಕೆಲವರಿಗೆ ಹೋಗಿಯೇ ಬಿಡುತ್ತಿತ್ತು.

ಆಗ ಮನೆಮದ್ದು ಎಂದರೆ ಎದೆಹಾಲು, ನಂದಿಬಟ್ಟಲ ಹೂವು, ಹರಳೆಣ್ಣೆ. ತಂಪೆನಿಸುತ್ತಿತ್ತು, ರೋಗಾಣು ಸಾಯುತ್ತಿರಲಿಲ್ಲ. ಅದರಲ್ಲೂ ಟ್ರಕೋಮಾ ಬಹಳ ಕೆಟ್ಟದ್ದು. ಅದು ಮತ್ತೆ ಮತ್ತೆ ಬಂದರೆ ರೆಪ್ಪೆಯ ಒಳಮೈಯಲ್ಲಿ ಗಾಯದ ಕಲೆ ಕಟ್ಟಿ, ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣುಗುಡ್ಡೆಯನ್ನು ತಿಕ್ಕುತ್ತದೆ. ವರ್ಷಗಳು ಕಳೆದಂತೆ ಕಣ್ಣು ಮಂಜಾಗುತ್ತದೆ. ನೊಣ, ಮನೆಮಂದಿಗೆಲ್ಲ ಒಂದೇ ಟವೆಲ್ಲು, ಎಲ್ಲ ಮಕ್ಕಳಿಗೂ ಒಂದೇ ಬೆರಳಿನಿಂದ ಹಚ್ಚುವ ಕಾಡಿಗೆ, ಇವೇ ಅದು ಹರಡುವ ದಾರಿ.

ಇದಕ್ಕೆ ಮದ್ದು ಸಿಕ್ಕಿದ್ದು ಮಣ್ಣಿನಲ್ಲಿ. 1947ರಲ್ಲಿ ವೆನೆಜುವೆಲಾ ದೇಶದ ಮಣ್ಣಿನ ಸೂಕ್ಷ್ಮಜೀವಿಯಿಂದ ಕ್ಲೋರಾಂಫೆನಿಕಾಲ್ ತೆಗೆದರು. ಇಂದಿಗೂ ಕಣ್ಣಿನ ಹನಿಯಾಗಿ ಬಳಕೆಯಲ್ಲಿರುವ ಔಷಧ ಅದು. 1948ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಿಂದ ಬೆಂಜಮಿನ್ ಡಗ್ಗರ್ ಅವರ ಆರಿಯೋಮೈಸಿನ್ ಹೊರಬಂತು. ಅದೂ ಮಣ್ಣಿನದೇ, ಬಣ್ಣ ಮಾತ್ರ ಬಂಗಾರದ್ದು. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಯಾರು ಗೊತ್ತೇ? ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬಾರಾವ್. ಅದೇ ವರ್ಷ ಅವರು ತೀರಿಕೊಂಡರು. ಆರಿಯೋಮೈಸಿನ್‌ನ ಕುಲದ ಟೆಟ್ರಾಸೈಕ್ಲಿನ್ ಮುಲಾಮು ಮುಂದೆ ಟ್ರಕೋಮಾಕ್ಕೆ ಮುಖ್ಯ ಮದ್ದಾಯಿತು.

1956ರಲ್ಲಿ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಿಂದ ಆಂಧ್ರಕ್ಕೆ ಹೋಯಿತು. ಗಡಿ ಎತ್ತ ಸರಿದರೇನು, ಕಣ್ಣುಬೇನೆ ಎರಡೂ ಕಡೆ ಒಂದೇ. 1963ರಲ್ಲಿ ದೇಶಕ್ಕೆಲ್ಲ ಟ್ರಕೋಮಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 1976ರಲ್ಲಿ ಅದನ್ನು ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಕೂಡಿಸಿದರು. 2024ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಭಾರತದಲ್ಲಿ ಟ್ರಕೋಮಾ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಎಂದು ಸಾರಿತು. ಈ ಗೆಲುವು ಮದ್ದಿನದೊಂದೇ ಅಲ್ಲ. ಮುಖ ತೊಳೆಯಲು ಸಿಕ್ಕ ನೀರು, ಸೋಪು, ಕಟ್ಟಿದ ಶೌಚಾಲಯ, ಇವುಗಳದ್ದೂ ಪಾಲಿದೆ.

ಮದ್ದು ಕೈಗೆ ಸುಲಭವಾದ ಮೇಲೆ ಬೇರೆ ತಪ್ಪು ಶುರುವಾಯಿತು. 2023ರ ಮಳೆಗಾಲದಲ್ಲಿ ತೆಲಂಗಾಣ, ಕರ್ನಾಟಕ ಎರಡೂ ಕಡೆ ಶಾಲೆ ಮಕ್ಕಳಿಗೆ ಕಣ್ಣು ಬಂದವು. ಇಂಥ ಹಾವಳಿ ಬಹುಪಾಲು ವೈರಸ್‌ನದು. ಆಂಟಿಬಯೋಟಿಕ್ ಹನಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್ಸನ್ನು ಕೊಲ್ಲುವುದಿಲ್ಲ. ಯಾವುದೆಂದು ಡಾಕ್ಟರು ನೋಡಿ ಹೇಳಬೇಕು. ಕೇಳದೆ ಸ್ಟೆರಾಯ್ಡ್ ಇರುವ ಹನಿ ಬಿಟ್ಟರೆ ಕಣ್ಣಿಗೇ ಅಪಾಯ. ಒಬ್ಬರ ಸೀಸೆ ಇನ್ನೊಬ್ಬರಿಗೆ ಬೇಡ. ಬಾಯಿ ತೆರೆದು ತಿಂಗಳಾದ ಸೀಸೆ ಗೂಡಿನಲ್ಲಿದ್ದರೆ ಇವತ್ತೇ ಬಿಸಾಡಿರಿ.